ಯಾರಿಗೂ ಕಾಣದ ಪೈಪು ಮತ್ತು ಪಾರ್ಟ್ 3 ಪರೀಕ್ಷೆ: ಒಂದು ಪ್ರಕರಣ ಅಧ್ಯಯನ

ಬ್ರಿಟನ್‌ನಲ್ಲಿ ಆರ್ಕಿಟೆಕ್ಟ್ ಆಗಲು ಕೊನೆಗೆ ಪಾಸಾಗಬೇಕಾದ ಪರೀಕ್ಷೆಗೆ ಪಾರ್ಟ್ 3 ಎನ್ನುತ್ತಾರೆ. ಅಲ್ಲಿ ಪ್ಲಾನ್ ಬಿಡಿಸಲು ಹೇಳುವುದಿಲ್ಲ. ಕಟ್ಟಡ ಚೆನ್ನಾಗಿದೆಯಾ ಎಂದು ಯಾರೂ ನೋಡುವುದಿಲ್ಲ. ಕರಾರು, ಕಾನೂನು, ಹಣ, ವಿಮೆ, ಕ್ಲೈಂಟ್ ಜೊತೆಗಿನ ಮನಸ್ತಾಪ, ಇವೆಲ್ಲದರ ಮಧ್ಯೆ ನಿಂತು ನೀವು ಹೇಗೆ ತೀರ್ಮಾನ ಮಾಡುತ್ತೀರಿ ಎಂದು ನೋಡುತ್ತಾರೆ. ಇದನ್ನು ಬಾಯಿಪಾಠದ ಪರೀಕ್ಷೆ ಎಂದುಕೊಂಡು ಓದುವವರು ತುಂಬಾ ಜನ ಇದ್ದಾರೆ. ಅದು ಹಾಗಲ್ಲ ಎಂಬುದಕ್ಕೆ ಈ ಒಂದು ಪ್ರಕರಣ ಸಾಕು.

ಇದು ನಮ್ಮ ಆಫೀಸಿನ ಕಿರಿಯ ಸಹೋದ್ಯೋಗಿಯೊಬ್ಬಳ ಪ್ರಕರಣ. ಕರ್ನಾಟಕದಲ್ಲಿ ಬಿ.ಆರ್ಕ್ ಓದಿ, ಬೆಂಗಳೂರಿನಲ್ಲಿ ಕೆಲಸ ಮಾಡಿ, ಆಮೇಲೆ ಲಂಡನ್‌ಗೆ ಬಂದವಳು. ಆಫೀಸಿನಲ್ಲಿ ಅವಳ ಮಾರ್ಗದರ್ಶಿ ನಾನು. ಅವಳನ್ನು ಕೇಳಿಯೇ ಬರೆಯುತ್ತಿದ್ದೇನೆ. ಮನೆ, ಮಾಲೀಕರು, ಗುತ್ತಿಗೆದಾರ ಯಾರೆಂದು ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಕಾನೂನು ಮತ್ತು ಕರಾರಿನ ಸಂಗತಿಗಳನ್ನು ಇದ್ದ ಹಾಗೇ ಇಟ್ಟಿದ್ದೇನೆ.

ಪರೀಕ್ಷೆಯ ತನಕದ ದಾರಿ

ಬ್ರಿಟನ್‌ನಲ್ಲಿ ಕಟ್ಟಡದ ನಕ್ಷೆ ಯಾರು ಬೇಕಾದರೂ ಮಾಡಬಹುದು. ಆದರೆ 1997ರ ಆರ್ಕಿಟೆಕ್ಟ್ಸ್ ಆಕ್ಟ್ ಪ್ರಕಾರ ಆರ್ಕಿಟೆಕ್ಟ್ಸ್ ರಿಜಿಸ್ಟ್ರೇಷನ್ ಬೋರ್ಡ್‌ನಲ್ಲಿ, ಅಂದರೆ ಎಆರ್‌ಬಿಯಲ್ಲಿ, ಹೆಸರು ಇದ್ದವರು ಮಾತ್ರ ವೃತ್ತಿಯಲ್ಲಿ ತಮ್ಮನ್ನು ಆರ್ಕಿಟೆಕ್ಟ್ ಎಂದು ಕರೆದುಕೊಳ್ಳಬಹುದು. ನಮ್ಮಲ್ಲೂ ಹೆಚ್ಚು ಕಡಿಮೆ ಹೀಗೇ ಇದೆ. 1972ರ ಕಾಯಿದೆ ಹೆಸರನ್ನು ಕಾಯುತ್ತದೆ, ಕೆಲಸವನ್ನಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಮಾರ್ಚ್‌ನಲ್ಲಿ ಹೇಳಿತು. ಆ ಹೆಸರು ಸಿಗುವ ದಾರಿ ಮಾತ್ರ ಬೇರೆ. ಭಾರತದಲ್ಲಿ ಬಿ.ಆರ್ಕ್‌ಗೆ ಸೇರಲು ನಾಟಾ ಅಥವಾ ಜೆಇಇ ಬರೆಯಬೇಕು. ಐದು ವರ್ಷ ಓದಿ ಹೊರಗೆ ಬಂದ ಮೇಲೆ ಮಾನ್ಯತೆ ಇರುವ ಪದವಿಯೇ ಸಾಕು. ಅರ್ಜಿ ಹಾಕಿದರೆ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನಲ್ಲಿ ನೋಂದಣಿ ಆಗುತ್ತದೆ. ಕರಾರು ಓದಲು ಬರುತ್ತದೆಯೇ ಎಂದು ಯಾರೂ ಎದುರು ಕೂರಿಸಿಕೊಂಡು ಕೇಳುವುದಿಲ್ಲ.

ಬ್ರಿಟನ್‌ನ ರೂಢಿಯ ದಾರಿಯಲ್ಲಿ ಮೊದಲ ಪದವಿ ಪಾರ್ಟ್ 1, ಅದರ ಮೇಲಿನ ಎರಡು ವರ್ಷ ಪಾರ್ಟ್ 2, ಕೊನೆಗೆ ಪಾರ್ಟ್ 3. ನಮ್ಮ ಹುಡುಗಿಯ ಭಾರತದ ಪದವಿಗೆ ಇಲ್ಲಿ ನೇರ ಮಾನ್ಯತೆ ಇರಲಿಲ್ಲ. ಅವಳು ಮೊದಲು ಎಆರ್‌ಬಿ ನಡೆಸುವ ಬೇರೆಯೇ ಪರೀಕ್ಷೆಗಳಲ್ಲಿ ತನ್ನ ಓದು ಪಾರ್ಟ್ 1 ಮತ್ತು ಪಾರ್ಟ್ 2ಕ್ಕೆ ಸಮ ಎಂದು ತೋರಿಸಬೇಕಾಯಿತು. ಕಾಲೇಜಿನ ಕೆಲಸವನ್ನೆಲ್ಲ ಹುಡುಕಿ ತೆಗೆದು, ಅವರ ಮಾನದಂಡಗಳಿಗೆ ಒಂದೊಂದಾಗಿ ಹೊಂದಿಸಿ, ಪರೀಕ್ಷಕರ ಎದುರು ಕೂತು ವಿವರಿಸಬೇಕು. ಊರಿನಲ್ಲಿ ಅಟ್ಟದ ಮೇಲಿದ್ದ ಥೀಸಿಸ್ ಶೀಟುಗಳನ್ನು ಅವಳ ತಮ್ಮ ಸ್ಕ್ಯಾನ್ ಮಾಡಿ ಕಳಿಸಿದ. ಹೊರದೇಶಕ್ಕೆ ಹೊರಡುವ ಯೋಚನೆ ಇರುವವರು ಕಾಲೇಜಿನ ಕೆಲಸವನ್ನು ದಯವಿಟ್ಟು ರದ್ದಿಗೆ ಹಾಕಬೇಡಿ.

ಪಾರ್ಟ್ 3ಕ್ಕೆ ಕೂರಲು ಒಟ್ಟು 24 ತಿಂಗಳ ಅನುಭವ ಬೇಕಿತ್ತು. ಅದರಲ್ಲಿ ಒಂದು ವರ್ಷವಾದರೂ ಬ್ರಿಟನ್‌ನಲ್ಲಿ ನೋಂದಾಯಿತ ಆರ್ಕಿಟೆಕ್ಟ್ ಒಬ್ಬರ ಕೈಕೆಳಗೆ ಆಗಿರಬೇಕು. ಮೂರು ತಿಂಗಳಿಗೊಮ್ಮೆ ಏನು ಮಾಡಿದೆ, ಏನು ಕಲಿತೆ ಎಂದು ದಾಖಲೆ ಬರೆಯಬೇಕು. ಅದಕ್ಕೆ ಆಫೀಸಿನ ಮಾರ್ಗದರ್ಶಿ ಮತ್ತು ಕೋರ್ಸಿನ ಸಲಹೆಗಾರರು ಇಬ್ಬರೂ ಸಹಿ ಹಾಕುತ್ತಾರೆ. ಆ ದಾಖಲೆಗಳ ಜೊತೆಗೆ ವೃತ್ತಿ ವಿವರ, ತನ್ನ ಬಗ್ಗೆ ತಾನೇ ಮಾಡಿಕೊಂಡ ಮೌಲ್ಯಮಾಪನ, ಒಂದು ಪ್ರಾಜೆಕ್ಟಿನ ಪ್ರಕರಣ ಅಧ್ಯಯನ, ಲಿಖಿತ ಪರೀಕ್ಷೆ, ಕೊನೆಗೆ ಇಬ್ಬರು ಪರೀಕ್ಷಕರ ಎದುರು ಮೌಖಿಕ. ವೃತ್ತಿನಿಷ್ಠೆ, ಕ್ಲೈಂಟ್ ಮತ್ತು ಸೇವೆ, ಕಾನೂನು, ಆಫೀಸು ನಡೆಸುವುದು, ಕಟ್ಟಡ ಕಟ್ಟಿಸುವ ವಿಧಾನ ಎಂಬ ಐದು ವಿಷಯಗಳ ಮೇಲೆ ಎಲ್ಲವನ್ನೂ ಅಳೆಯುತ್ತಾರೆ.

ಮನೆ ಮತ್ತು ಕರಾರು

ಅವಳು ಪ್ರಕರಣ ಅಧ್ಯಯನಕ್ಕೆ ಆರಿಸಿಕೊಂಡದ್ದು ದಕ್ಷಿಣ ಲಂಡನ್ನಿನ ಒಂದು ವಿಕ್ಟೋರಿಯನ್ ಸಾಲುಮನೆ. ಹಿಂದುಗಡೆ ಅಡುಗೆಮನೆಯನ್ನು ಹಿಗ್ಗಿಸಬೇಕು, ಮೇಲೆ ಮಾಳಿಗೆಯಲ್ಲಿ ಒಂದು ಕೋಣೆ ಮಾಡಬೇಕು. ಲಂಡನ್ನಿನಲ್ಲಿ ಇಂಥ ಕೆಲಸ ಬೀದಿಗೆ ನಾಲ್ಕು ನಡೆಯುತ್ತಿರುತ್ತವೆ. ದೊಡ್ಡ ಆಸ್ಪತ್ರೆಯಲ್ಲೋ ಶಾಲೆಯಲ್ಲೋ ಒಂದು ಮೂಲೆಯ ಕೆಲಸ ಮಾಡಿದವರಿಗಿಂತ ಇಂಥ ಸಣ್ಣ ಕೆಲಸವನ್ನು ಮೊದಲಿಂದ ಕೊನೆತನಕ ನೋಡಿದವರು ಈ ಪರೀಕ್ಷೆಯಲ್ಲಿ ಚೆನ್ನಾಗಿ ಮಾತಾಡುತ್ತಾರೆ ಎಂಬುದು ನನ್ನ ಅಭಿಪ್ರಾಯ. ಪ್ರತಿ ಪತ್ರ, ಪ್ರತಿ ಬಿಲ್ಲು ಅವರ ಕೈಯಿಂದಲೇ ಹೋಗಿರುತ್ತದೆ.

ಕರಾರು ಜೆಸಿಟಿ ಮೈನರ್ ವರ್ಕ್ಸ್. ಸಣ್ಣ ಕಟ್ಟಡ ಕೆಲಸಕ್ಕೆ ಇಂಗ್ಲೆಂಡಿನಲ್ಲಿ ಬಳಸುವ ಸಿದ್ಧ ಕರಾರು ಅದು. ಸಹಿ ಹಾಕುವವರು ಮನೆ ಮಾಲೀಕರು ಮತ್ತು ಗುತ್ತಿಗೆದಾರ, ಇಬ್ಬರೇ. ಆರ್ಕಿಟೆಕ್ಟ್ ಸಹಿ ಹಾಕುವುದಿಲ್ಲ. ಆದರೆ ಕರಾರನ್ನು ನಡೆಸುವವರು ಎಂದು ಆರ್ಕಿಟೆಕ್ಟ್ ಹೆಸರು ಒಳಗೆ ಬರೆದಿರುತ್ತದೆ. ಸೂಚನೆ ಕೊಡುವುದು, ಬಿಲ್ಲು ನೋಡಿ ಗುತ್ತಿಗೆದಾರನಿಗೆ ಇಷ್ಟು ಹಣ ಸಲ್ಲಬೇಕು ಎಂದು ಸರ್ಟಿಫಿಕೇಟ್ ಕೊಡುವುದು, ಗಡುವು ಮುಂದೂಡಬೇಕಾ ಬೇಡವಾ ಎಂದು ತೀರ್ಮಾನಿಸುವುದು ಅವರ ಕೆಲಸ. ನಮ್ಮ ಪ್ರಾಜೆಕ್ಟಿನಲ್ಲಿ ಹೆಸರು ಆಫೀಸಿನದು, ಸಹಿ ನನ್ನದು. ದಿನನಿತ್ಯದ ಓಡಾಟ, ಲೆಕ್ಕ, ಕರಡು ಎಲ್ಲ ಅವಳದು.

ಬೆಂಗಳೂರಿನಲ್ಲಿ 30-40 ಸೈಟಿನಲ್ಲಿ ಮನೆ ಕಟ್ಟಿಸಿದವರಿಗೆ ಈ ವ್ಯವಸ್ಥೆ ಹೊಸದು ಅನಿಸಬಹುದು. ಅಲ್ಲಿ ಎಷ್ಟೋ ಮನೆಗಳು ಚದರಕ್ಕೆ ಇಷ್ಟು ಎಂದು ಮಾತಾಡಿಕೊಂಡು ಶುರುವಾಗುತ್ತವೆ. ಅಗ್ರಿಮೆಂಟ್ ಇದ್ದರೂ ಒಂದೆರಡು ಪುಟ. ಆರ್ಕಿಟೆಕ್ಟ್ ಅಂದರೆ ಮಾಲೀಕರ ಕಡೆಯವರು. ಗುತ್ತಿಗೆದಾರ ತಡ ಮಾಡಿದರೆ ಮಾಲೀಕರ ಪರವಾಗಿ ಬೈಯುವುದೂ ಅವರ ಕೆಲಸವೇ. ನಮ್ಮ ಹುಡುಗಿ ಆರು ವರ್ಷ ಹಾಗೆ ಕೆಲಸ ಮಾಡಿದ್ದಳು, ಚೆನ್ನಾಗಿಯೇ ಮಾಡಿದ್ದಳು.

ಸೈಟಿನ ಮೊದಲ ಮೀಟಿಂಗ್‌ನಲ್ಲಿ ಮಾಲೀಕರು ಅವಳನ್ನು ತಮ್ಮ ಆರ್ಕಿಟೆಕ್ಟ್ ಎಂದು ಪರಿಚಯಿಸಿದರು. ತಾನು ಇನ್ನೂ ಆರ್ಕಿಟೆಕ್ಟ್ ಅಲ್ಲ, ಆರ್ಕಿಟೆಕ್ಟ್ ಒಬ್ಬರ ಕೈಕೆಳಗೆ ಕೆಲಸ ಮಾಡುತ್ತಿದ್ದೇನೆ ಎಂದು ಅವಳು ಅಲ್ಲೇ ತಿದ್ದಿದಳು. ಭಾರತದಲ್ಲಿ ನೋಂದಣಿ ಇರುವವಳಿಗೆ ಹಾಗೆ ಹೇಳುವುದು ಸುಲಭವಲ್ಲ. ಮೀಟಿಂಗ್ ಟಿಪ್ಪಣಿಯಲ್ಲೂ ಅದನ್ನು ಸರಿಯಾಗಿ ಬರೆದಳು.

ಪೈಪು ಸಿಕ್ಕಿತು

ಹಿಂದುಗಡೆ ಪಾಯ ತೋಡುವಾಗ ಮಣ್ಣಿನ ಪೈಪೊಂದು ಕಂಡಿತು. ಯಾವ ನಕ್ಷೆಯಲ್ಲೂ ಅದು ಇರಲಿಲ್ಲ. ಪಕ್ಕದ ಮನೆಯ ಕೊಳಚೆ ನೀರು ಇವರ ಹಿತ್ತಲಿನ ಕೆಳಗೆ ಹಾದು ಬೀದಿಗೆ ಹೋಗುತ್ತಿತ್ತು.

ಹಳೆಯ ಸಾಲುಮನೆಗಳಲ್ಲಿ ಇದು ಮಾಮೂಲು. ಆದರೆ 2011ರ ಅಕ್ಟೋಬರ್ 1ರಿಂದ ಇದರ ತೂಕ ಬದಲಾಯಿತು. ಒಂದಕ್ಕಿಂತ ಹೆಚ್ಚು ಮನೆಗಳು ಹಂಚಿಕೊಂಡು ಬಳಸುವ ಇಂಥ ಪೈಪುಗಳು ಆ ದಿನ ನೀರಿನ ಕಂಪನಿಗಳ ಸ್ವತ್ತಾದವು. ಅದರ ಮೇಲೆ ಅಥವಾ 3 ಮೀಟರ್ ಒಳಗೆ ಕಟ್ಟಬೇಕಾದರೆ ಕಂಪನಿಯ ಒಪ್ಪಿಗೆ ಬೇಕು. ಪೈಪಿನ ಮೇಲೆ ಭಾರ ಬೀಳದಂತೆ ಪಾಯವನ್ನು ಇನ್ನೂ ಆಳಕ್ಕೆ ಇಳಿಸಬೇಕು ಎಂದರು ಎಂಜಿನಿಯರ್. ಪಕ್ಕದ ಮನೆಯಿಂದ 3 ಮೀಟರ್ ಒಳಗೆ, ಅವರ ಪಾಯಕ್ಕಿಂತ ಕೆಳಗೆ ತೋಡುವುದಾದರೆ ನೆರೆಮನೆಯ ಗೋಡೆ, ಪಾಯಗಳನ್ನು ಕಾಯುವ 1996ರ ಪಾರ್ಟಿ ವಾಲ್ ಕಾಯಿದೆ ಅಡ್ಡ ಬರುತ್ತದೆ. ನೆರೆಯವರ ಜೊತೆ ಮೊದಲು ಆಗಿದ್ದ ಒಪ್ಪಂದ ಕಡಿಮೆ ಆಳದ್ದು, ಅದನ್ನೂ ಮತ್ತೆ ಮಾಡಿಸಬೇಕಾಯಿತು. ಎಲ್ಲ ಸೇರಿ ಸೈಟು ನಾಲ್ಕು ವಾರ ನಿಂತಿತು.

ವಿನ್ಯಾಸದ ಹಂತದಲ್ಲೇ ನಮ್ಮ ಆಫೀಸು ಕ್ಯಾಮೆರಾ ಬಿಟ್ಟು ಚರಂಡಿ ಸರ್ವೆ ಮಾಡಿಸಿ ಎಂದು ಮಾಲೀಕರಿಗೆ ಇಮೇಲ್‌ನಲ್ಲಿ ಹೇಳಿತ್ತು. ಖರ್ಚು ಉಳಿಸಲು ಅವರು ಬೇಡ ಅಂದಿದ್ದರು. ಆ ಇಮೇಲ್ ಮುಂದೆ ಪರೀಕ್ಷೆಯ ಕೋಣೆಯಲ್ಲೂ ಕಾಣಿಸಿಕೊಂಡಿತು.

ಏಳು ವಾರವೋ, ಒಂದೂ ಇಲ್ಲವೋ

ಕೆಲಸ ಮತ್ತೆ ಶುರುವಾದ ಮೇಲೆ ಗುತ್ತಿಗೆದಾರ ಏಳು ವಾರದ ಮುಂದೂಡಿಕೆ ಕೇಳಿದ. ಸೈಟು ನಿಂತದ್ದಕ್ಕೆ ನಾಲ್ಕು ವಾರ. ಅದರಿಂದಾಗಿ ದೊಡ್ಡ ಗಾಜಿನ ಬಾಗಿಲುಗಳ ಡೆಲಿವರಿ ತಪ್ಪಿತು ಎಂದು ಎರಡು ವಾರ. ಕೆಲಸಗಾರರು ಬೇರೆ ಸೈಟಿಗೆ ಹೋದರು ಎಂದು ಒಂದು ವಾರ. ಏಳೂ ವಾರದ ಖರ್ಚು ಬೇಕು ಎಂದೂ ಕೇಳಿದ.

ಮಾಲೀಕರಿಂದ ಅದಕ್ಕೆ ವಿರುದ್ಧವಾದ ಇಮೇಲ್ ಬಂತು. ಒಂದು ವಾರವೂ ಕೊಡಬೇಡಿ, ನೀವು ಕೆಲಸ ಮಾಡುತ್ತಿರುವುದು ನಮಗೆ, ತಡವಾದ ಪ್ರತಿ ವಾರಕ್ಕೂ ಕರಾರಿನಲ್ಲಿರುವ ಹಣ ಹಿಡಿಯಿರಿ ಎಂದು. ಕರಾರಿನಲ್ಲಿ ವಾರಕ್ಕೆ 500 ಪೌಂಡ್ ಲಿಕ್ವಿಡೇಟೆಡ್ ಡ್ಯಾಮೇಜಸ್ ಇತ್ತು. ತಡವಾದರೆ ಇಷ್ಟು ಎಂದು ಮೊದಲೇ ಒಪ್ಪಿಕೊಂಡ ನಷ್ಟಭರ್ತಿ ಅದು. ಆಫೀಸಿನಲ್ಲಿ ಎಲ್‌ಡಿ ಎನ್ನುತ್ತೇವೆ.

ಅವಳು ನನ್ನ ಹತ್ತಿರ ಬಂದಳು.

"ಮೇಡಂ, ಕ್ಲೈಂಟ್ ಬೇಡ ಅಂತಿದ್ದಾರಲ್ಲ. ಫೀಸು ಕೊಡೋರು ಅವರೇ ಅಲ್ವಾ?"

"ಕೊಡೋರು ಅವರೇ ಕಣಮ್ಮ. ಆದ್ರೆ ಗಡುವಿನ ವಿಷಯ ನಾವು ತೀರ್ಮಾನ ಮಾಡಬೇಕು ಅಂತ ಸಹಿ ಹಾಕಿರೋರೂ ಅವರೇ. ಕರಾರು ತೆಗೆದು ಇನ್ನೊಂದು ಸಲ ಓದು. ಆಮೇಲೆ ಮಾತಾಡೋಣ."

ಇಲ್ಲಿ ಆರ್ಕಿಟೆಕ್ಟ್‌ಗೆ ಎರಡು ಪಾತ್ರ. ವಿನ್ಯಾಸ ಮಾಡುವಾಗ, ಸೂಚನೆ ಕೊಡುವಾಗ ಅವರು ಮಾಲೀಕರ ಪರ. ಸರ್ಟಿಫಿಕೇಟ್ ಕೊಡುವಾಗ, ಗಡುವು ತೀರ್ಮಾನಿಸುವಾಗ ಇಬ್ಬರಿಗೂ ನ್ಯಾಯ ಸಲ್ಲಬೇಕು. ಒಂದು ಕಡೆಯವರ ಮನೆಯಲ್ಲಿ ಉಂಡು ಎರಡೂ ಕಡೆಗೆ ನ್ಯಾಯ ಹೇಳಬೇಕಾದ ಊರ ಹಿರಿಯರ ಸ್ಥಿತಿ ಇದು. 1974ರ ಸಟ್ಕ್ಲಿಫ್ ಮತ್ತು ಥಾಕ್ರಾ ಮೊಕದ್ದಮೆಯಲ್ಲಿ ಆಗ ಬ್ರಿಟನ್‌ನ ಕೊನೆಯ ಕೋರ್ಟಾಗಿದ್ದ ಹೌಸ್ ಆಫ್ ಲಾರ್ಡ್ಸ್ ಇದನ್ನು ಸ್ಪಷ್ಟ ಮಾಡಿತು. ಅಲ್ಲಿ ಆರ್ಕಿಟೆಕ್ಟ್‌ಗಳು ಕಳಪೆ ಕೆಲಸಕ್ಕೂ ಸೇರಿಸಿ ಹೆಚ್ಚು ಹಣಕ್ಕೆ ಸರ್ಟಿಫಿಕೇಟ್ ಕೊಟ್ಟಿದ್ದರು. ಗುತ್ತಿಗೆದಾರ ದಿವಾಳಿಯಾದ, ಹಣ ವಾಪಸ್ ಬರಲಿಲ್ಲ. ನಾವು ನ್ಯಾಯಾಧೀಶರ ಥರ ತೀರ್ಮಾನ ಮಾಡಿದ್ದೇವೆ, ನಮ್ಮ ಮೇಲೆ ದಾವೆ ಹೂಡುವಂತಿಲ್ಲ ಎಂಬ ಅವರ ವಾದ ನಿಲ್ಲಲಿಲ್ಲ. ಆರ್ಕಿಟೆಕ್ಟ್ ಇಬ್ಬರ ಮಧ್ಯೆ ನ್ಯಾಯವಾಗಿಯೂ ನಡೆಯಬೇಕು, ಅಜಾಗರೂಕತೆ ತೋರಿದರೆ ಮಾಲೀಕರಿಗೆ ಹೊಣೆಯೂ ಆಗಬೇಕು ಎಂದಾಯಿತು.

ಮರುದಿನ ಅವಳು ಬೇರೆಯೇ ಪ್ರಶ್ನೆ ಇಟ್ಟುಕೊಂಡು ಬಂದಳು. ನಾವು ಮುಂದೂಡಿಕೆ ಕೊಡದಿದ್ದರೆ ಮಾಲೀಕರ ಗತಿ ಏನು ಎಂದು ಕೇಳಿದಳು. ಈ ಪ್ರಕರಣದಲ್ಲಿ ನನಗೆ ಎಲ್ಲಕ್ಕಿಂತ ಖುಷಿ ಕೊಟ್ಟ ಗಳಿಗೆ ಅದು.

ಯಾಕೆಂದರೆ ಮುಂದೂಡಿಕೆ ಅಂದರೆ ಗುತ್ತಿಗೆದಾರನಿಗೆ ಮಾಡುವ ಉಪಕಾರ ಎಂದೇ ಎಲ್ಲರೂ ತಿಳಿಯುತ್ತಾರೆ. ನಿಜ ಬೇರೆ. ಪಾಯ ಬದಲಿಸಿ ಎಂದು ಸೂಚನೆ ಹೋದದ್ದು ಮಾಲೀಕರ ಪರವಾಗಿ. ಆ ಸೂಚನೆಯಿಂದಲೇ ತಡವಾಗಿ, ಗಡುವನ್ನು ಮಾತ್ರ ಹಳೆಯದೇ ಇಟ್ಟರೆ, ತಾನೇ ತಡ ಮಾಡಿಸಿ ತಾನೇ ನಷ್ಟ ಕೇಳಿದ ಹಾಗಾಗುತ್ತದೆ. ಇಂಗ್ಲೆಂಡಿನ ಕೋರ್ಟುಗಳು ಅದನ್ನು ಒಪ್ಪುವುದಿಲ್ಲ. ಹಳೆಯ ಗಡುವೇ ಬಿದ್ದುಹೋಗುವ ಅಪಾಯ ಇದೆ. ಗಡುವು ಬಿದ್ದರೆ ಎಲ್‌ಡಿ ಕೂಡ ಹೋಯಿತು. ಆಗ ಗುತ್ತಿಗೆದಾರ ನಿಜಕ್ಕೂ ತಪ್ಪು ಮಾಡಿದ ವಾರಗಳಿಗೂ ಮಾಲೀಕರು ಆ 500 ಪೌಂಡ್ ಹಿಡಿಯುವ ಹಾಗಿಲ್ಲ. ಅಂದರೆ ನ್ಯಾಯವಾದ ಮುಂದೂಡಿಕೆ ಮಾಲೀಕರ ಹಕ್ಕನ್ನೇ ಕಾಯುತ್ತದೆ.

ಹಾಗಾದರೆ ಎಷ್ಟು ವಾರ? ಅವಳು ಸೈಟ್ ಡೈರಿ, ಇಮೇಲ್‌ಗಳು, ಗುತ್ತಿಗೆದಾರ ಮೊದಲು ಕೊಟ್ಟಿದ್ದ ಕೆಲಸದ ವೇಳಾಪಟ್ಟಿ ಎಲ್ಲವನ್ನೂ ಪಕ್ಕಪಕ್ಕ ಇಟ್ಟು ನೋಡಿದಳು. ನಾಲ್ಕು ವಾರ ಸೈಟು ನಿಂತದ್ದಕ್ಕೆ ಪುರಾವೆ ಗಟ್ಟಿಯಾಗಿತ್ತು. ಅದು ಗುತ್ತಿಗೆದಾರನ ಕೈಮೀರಿದ ಕಾರಣ, ಮೈನರ್ ವರ್ಕ್ಸ್ ಕರಾರು ಅದನ್ನು ಒಪ್ಪುತ್ತದೆ. ಬಾಗಿಲಿನ ಕಥೆ ಬೇರೆ. ಪೈಪು ಸಿಗುವ ಮೊದಲೇ ಆರ್ಡರ್ ಹೋಗಬೇಕಿತ್ತು, ಹೋಗಿರಲಿಲ್ಲ. ಆರ್ಡರಿನ ತಾರೀಖೇ ಅದನ್ನು ಹೇಳುತ್ತಿತ್ತು. ಕೆಲಸಗಾರರನ್ನು ಹಿಡಿದಿಟ್ಟುಕೊಳ್ಳುವುದು ಗುತ್ತಿಗೆದಾರನ ಪಾಡು. ಹಾಗಾಗಿ ನಾಲ್ಕು ವಾರ, ಅಷ್ಟೇ.

ಹಣದಲ್ಲೂ ಅದೇ ಶಿಸ್ತು. ಆಳವಾದ ಪಾಯದ ಕೆಲಸವನ್ನು ಅಳೆದು ಬೆಲೆ ಕಟ್ಟಿದಳು. ಸೂಚನೆಯಿಂದ ಕೆಲಸ ನಿಂತಿದ್ದ ಕಾಲದ ನೇರ ಖರ್ಚು, ಅಂದರೆ ಬಾಡಿಗೆ ಸಾಮಾನು, ಸೈಟು ನೋಡಿಕೊಂಡವರ ಸಂಬಳ, ರಸೀದಿ ಇದ್ದಷ್ಟನ್ನು ಸೇರಿಸಿದಳು. ಉಳಿದದ್ದನ್ನು ಕಾರಣ ಬರೆದು ಬಿಟ್ಟಳು.

ಮಾಲೀಕರಿಗೆ ಪತ್ರ ಬರೆಯುವುದು ಕಷ್ಟದ ಕೆಲಸವಾಯಿತು. ಮೊದಲ ಕರಡಿನಲ್ಲಿ ಕ್ಷಮಿಸಿ ಎಂಬ ಮಾತು ಜಾಸ್ತಿ ಇತ್ತು. ಅದನ್ನು ತೆಗೆಸಿದೆ. ಕೊನೆಗೆ ಹೋದ ಪತ್ರದಲ್ಲಿ ಮೂರು ಸಂಗತಿ ಇದ್ದವು. ನಾಲ್ಕು ವಾರ ಯಾಕೆ, ಮೂರು ವಾರ ಯಾಕಿಲ್ಲ, ಮತ್ತು ಕೆಲಸ ಆ ಮೂರು ವಾರ ತಡವಾಗಿಯೇ ಮುಗಿದರೆ ಹಣ ಹಿಡಿಯಲು ಅವರು ಏನು ಮಾಡಬೇಕು. ಕೊನೆಯದು ಬಹಳ ಮುಖ್ಯ. ಸರ್ಟಿಫಿಕೇಟ್‌ನಲ್ಲಿ ಇರುವುದಕ್ಕಿಂತ ಕಡಿಮೆ ಕೊಡಬೇಕಾದರೆ ಹಣ ಕೊಡುವ ಕೊನೆಯ ದಿನಕ್ಕೆ ಕನಿಷ್ಠ ಐದು ದಿನ ಮೊದಲು ಮಾಲೀಕರೇ ಲಿಖಿತ ನೋಟಿಸ್ ಕೊಡಬೇಕು. ಅದು ತಪ್ಪಿದರೆ ಪೂರ್ತಿ ಹಣ ಕೊಡಬೇಕಾಗುತ್ತದೆ. ಅವಳು ತಾರೀಖು ಸಮೇತ ತಿಳಿಸಿದಳು.

ಇಬ್ಬರಿಗೂ ಸಿಟ್ಟು ಬಂತು. ಗುತ್ತಿಗೆದಾರ ಅಡ್ಜುಡಿಕೇಷನ್‌ಗೆ, ಅಂದರೆ ಕೋರ್ಟಿನ ಹೊರಗೆ ಬೇಗ ತೀರ್ಪು ಸಿಗುವ ಪದ್ಧತಿಗೆ, ಹೋಗುತ್ತೇನೆ ಎಂದ. ಮಾಲೀಕರು ಕೆಲವು ದಿನ ಫೋನ್ ಎತ್ತಲಿಲ್ಲ. ಅವಳು ಬಹಳ ಕುಗ್ಗಿದ್ದಳು. ಆದರೆ ಪತ್ರವನ್ನು ವಾಪಸ್ ತೆಗೆದುಕೊಳ್ಳೋಣ ಎಂದು ಒಮ್ಮೆಯೂ ಅನ್ನಲಿಲ್ಲ.

ಬರೆದದ್ದು ಹೇಗೆ

ಪ್ರಕರಣ ಅಧ್ಯಯನದ ಮೊದಲ ಕರಡು ಚೆಂದದ ಫೋಟೋ, ಇಟ್ಟಿಗೆ, ಬೆಳಕು ಇವುಗಳಿಂದ ತುಂಬಿತ್ತು. ಪೈಪಿನ ಬಗ್ಗೆ ಇದ್ದದ್ದು ಅರ್ಧ ಪುಟ. ನಮ್ಮ ಕಾಲೇಜುಗಳಲ್ಲಿ ಕೇಸ್ ಸ್ಟಡಿ ಎಂದರೆ ಒಂದು ಕಟ್ಟಡವನ್ನು ನೋಡಿ ಬಂದು ವರ್ಣಿಸುವುದು. ಆ ಅಭ್ಯಾಸ ಸುಲಭವಾಗಿ ಹೋಗುವುದಿಲ್ಲ. ಪಾರ್ಟ್ 3ಕ್ಕೆ ಬೇಕಾದದ್ದು ಪ್ರಾಜೆಕ್ಟ್ ಹೇಗೆ ನಡೆಯಿತು ಎಂಬ ವಿಮರ್ಶೆ. ಮಾಲೀಕರು ಆಫೀಸನ್ನು ನೇಮಿಸಿಕೊಂಡ ಪತ್ರದಲ್ಲಿ ಏನಿತ್ತು, ಈ ಕರಾರೇ ಯಾಕೆ, ಬೇರೆ ಕರಾರು ಆಗಿದ್ದರೆ ಏನಾಗುತ್ತಿತ್ತು, ಎಲ್ಲಿ ಎಡವಿತು, ಮುಂದೆ ನೀನೇ ನಡೆಸಿದರೆ ಏನು ಬದಲಿಸುತ್ತೀಯ.

ಎರಡನೇ ಕರಡಿನಲ್ಲಿ ಫೋಟೋಗಳು ಹೋದವು, ಪೈಪು ನಡುವಿಗೆ ಬಂತು. ಮಾಲೀಕರು ಸರ್ವೆ ಬೇಡ ಎಂದಾಗ ಆ ಅಪಾಯಕ್ಕೆಂದು ಕರಾರಿನಲ್ಲೇ ಸ್ವಲ್ಪ ಹಣವನ್ನು ಬೇರೆ ತೆಗೆದಿಡಬಹುದು, ಆಗ ಪೈಪು ಸಿಕ್ಕರೂ ಮಾಲೀಕರಿಗೆ ಅಷ್ಟು ಆಘಾತ ಆಗುವುದಿಲ್ಲ ಎಂದು ಅವಳು ಬರೆದಳು. ಒಳ್ಳೆಯ ಮಾತು. ಈಗ ಹಳೆಯ ಸಾಲುಮನೆಗಳ ಕೆಲಸದಲ್ಲಿ ನಾವು ಹಾಗೇ ಮಾಡುತ್ತೇವೆ.

ಲಿಖಿತ ಪರೀಕ್ಷೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಒಂದು ಕಲ್ಪಿತ ಆಫೀಸು, ಒಂದು ಕಲ್ಪಿತ ಪ್ರಾಜೆಕ್ಟು, ದಿನಕ್ಕೊಂದು ತಾಪತ್ರಯ. ಮೇಲಿನವರಿಗೆ ಟಿಪ್ಪಣಿ ಬರೆ, ಕ್ಲೈಂಟ್‌ಗೆ ಪತ್ರ ಬರೆ ಎಂದು ಕೇಳುತ್ತಾರೆ. ಅವಳದು ಪುಸ್ತಕ ನೋಡಿ ಬರೆಯುವ ಪರೀಕ್ಷೆ. ಪುಸ್ತಕ ಎದುರಿಗಿದ್ದರೂ ಯಾವ ಪತ್ರ ಮೊದಲು ಹೋಗಬೇಕು ಎಂಬುದು ಅದರಲ್ಲಿ ಇರುವುದಿಲ್ಲ.

ಮೌಖಿಕ

ಪರೀಕ್ಷಕರು ಇಬ್ಬರೂ ಸ್ವತಃ ಆಫೀಸು ನಡೆಸುವ ಆರ್ಕಿಟೆಕ್ಟ್‌ಗಳು. ಅವಳು ಬಂದು ಹೇಳಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಭಾರತದ ಅನುಭವದಿಂದ ಶುರು ಮಾಡಿದರು. ಆಮೇಲೆ ನೇರವಾಗಿ ಪೈಪಿಗೆ ಬಂದರು. ಆ ಇಮೇಲ್ ಇಲ್ಲದೇ ಇದ್ದಿದ್ದರೆ, ಅಂದರೆ ಸರ್ವೆ ಮಾಡಿಸಿ ಎಂದು ನಿಮ್ಮ ಆಫೀಸು ಹೇಳಿರದೇ ಇದ್ದಿದ್ದರೆ, ಆಗಲೂ ನಾಲ್ಕು ವಾರ ಕೊಡುತ್ತಿದ್ದಿರಾ?

ಈ ಪ್ರಶ್ನೆಯಲ್ಲಿ ಮೂರು ಪ್ರಶ್ನೆಗಳಿವೆ. ನಿಮ್ಮ ಆಫೀಸಿನ ತಪ್ಪು ಮುಚ್ಚಲು ಗುತ್ತಿಗೆದಾರನಿಗೆ ಕಡಿಮೆ ಕೊಡುತ್ತೀರಾ? ಮಾಲೀಕರಿಗೆ ನಿಜ ಹೇಳುತ್ತೀರಾ? ವಿಮೆ ನೆನಪಿದೆಯಾ? ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು ಉತ್ತರ ಕೊಟ್ಟಳು. ಗುತ್ತಿಗೆದಾರನಿಗೆ ಸಲ್ಲುವ ನಾಲ್ಕು ವಾರ ಬದಲಾಗುವುದಿಲ್ಲ, ಪೈಪು ಅವನ ತಪ್ಪಲ್ಲ. ಬದಲಾಗುವುದು ಮಾಲೀಕರ ಜೊತೆಗಿನ ನಮ್ಮ ಸಂಬಂಧ. ಈ ವಿಷಯದಲ್ಲಿ ನಮಗೂ ಸ್ವಾರ್ಥ ಇದೆ, ನೀವು ಬೇರೆಯವರ ಸಲಹೆ ಪಡೆಯಿರಿ ಎಂದು ಅವರಿಗೆ ಹೇಳಬೇಕು. ಅದಕ್ಕೂ ಮೊದಲು ನನ್ನ ಮೇಲಿನವರಿಗೆ ತಿಳಿಸಬೇಕು, ಅವರು ವೃತ್ತಿ ವಿಮೆಯ, ಅಂದರೆ ಆಫೀಸಿನ ತಪ್ಪಿನಿಂದಾಗುವ ನಷ್ಟಕ್ಕೆಂದು ಮಾಡಿಸಿದ ವಿಮೆಯ, ಕಂಪನಿಗೆ ತಿಳಿಸಬೇಕು. ವಿಮೆಯವರನ್ನು ಕೇಳದೆ ತಪ್ಪು ನಮ್ಮದೇ ಎಂದು ಬರೆದುಕೊಡಬಾರದು, ನಡೆದದ್ದನ್ನು ಮುಚ್ಚಿಡಲೂಬಾರದು.

ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಗೊತ್ತಿಲ್ಲ. ವಿಮೆಯ ಕನಿಷ್ಠ ಮೊತ್ತ 2,50,000 ಪೌಂಡ್ ಎಂಬ ಅಂಕಿಯನ್ನು ಎಲ್ಲ ಅಭ್ಯರ್ಥಿಗಳೂ ಹೇಳುತ್ತಾರೆ. ಆ ಕಂಪನಿಗೆ ಯಾವಾಗ ಫೋನ್ ಮಾಡಬೇಕು ಎಂದು ಹೇಳುವವರು ಕಡಿಮೆ.

ಮುಂದಿನದು, ಮಾಲೀಕರು ಸರ್ಟಿಫಿಕೇಟ್ ಕೊಡಲೇಬೇಡಿ ಎಂದು ಅಪ್ಪಣೆ ಮಾಡಿದರೆ? ಸರ್ಟಿಫಿಕೇಟ್‌ಗೆ ಮಾಲೀಕರು ಅಡ್ಡಿ ಮಾಡುವುದನ್ನು ಕರಾರೇ ತಪ್ಪು ಎನ್ನುತ್ತದೆ, ಅದನ್ನೇ ಹಿಡಿದು ಗುತ್ತಿಗೆದಾರ ನೋಟಿಸ್ ಕೊಟ್ಟು ಕರಾರು ಮುಗಿಸುವ ತನಕ ಹೋಗಬಹುದು, ಈ ಅಪಾಯವನ್ನು ಅವರಿಗೆ ಬರೆದು ತಿಳಿಸುತ್ತೇನೆ ಎಂದಳು. ಗುತ್ತಿಗೆದಾರ ಅಡ್ಜುಡಿಕೇಷನ್‌ಗೆ ಹೋಗಬಹುದಿತ್ತಾ ಎಂದರು. ಇದು ಅನೇಕರು ಜಾರಿ ಬೀಳುವ ಜಾಗ. 28 ದಿನದಲ್ಲಿ ತೀರ್ಪು ಸಿಗುವ ಆ ಪದ್ಧತಿಯನ್ನು ಕಟ್ಟಡ ಕರಾರುಗಳಿಗೆ ತಂದದ್ದು 1996ರದೇ ಇನ್ನೊಂದು ಕಾಯಿದೆ. ಆದರೆ ಮಾಲೀಕರು ತಾವೇ ವಾಸಿಸುವ ಮನೆಯ ಕೆಲಸವನ್ನು ಆ ಕಾಯಿದೆ ಹೊರಗಿಟ್ಟಿದೆ. ಕಾಯಿದೆಯಿಂದ ಅವನಿಗೆ ಆ ಹಕ್ಕಿಲ್ಲ, ಆದರೆ ನಮ್ಮ ಕರಾರಿನಲ್ಲಿ ಆ ಕಲಮನ್ನು ಹೊಡೆದು ಹಾಕಿರಲಿಲ್ಲ, ಹಾಗಾಗಿ ಕರಾರಿನಿಂದ ಹಕ್ಕಿತ್ತು ಎಂದು ಅವಳು ಬಿಡಿಸಿ ಹೇಳಿದಳು.

ಗ್ರೆನ್‌ಫೆಲ್ ಬಗ್ಗೆಯೂ ಕೇಳಿದರು. 2017ರ ಜೂನ್ 14ರಂದು ಲಂಡನ್ನಿನ ಆ ವಸತಿ ಗೋಪುರದ ಬೆಂಕಿಯಲ್ಲಿ 72 ಜನ ಸತ್ತರು. ಆಮೇಲೆ 2022ರ ಬಿಲ್ಡಿಂಗ್ ಸೇಫ್ಟಿ ಆಕ್ಟ್ ಬಂತು. ಕಟ್ಟಡ ನಿಯಮ ಪಾಲನೆಗೆ ವಿನ್ಯಾಸದ ಕಡೆಯಿಂದ ಹೊಣೆ ಹೊರುವ ಪ್ರಿನ್ಸಿಪಲ್ ಡಿಸೈನರ್ ಎಂಬ ಹುದ್ದೆ 2023ರ ಅಕ್ಟೋಬರ್‌ನಿಂದ ಬಂತು. ಎತ್ತರದ ಕಟ್ಟಡದಲ್ಲಿ ಆ ಹೊಣೆ ಹೊರುತ್ತೀರಾ ಎಂದು ಕೇಳಿದಾಗ, ಈಗ ಇಲ್ಲ, ನನಗೆ ಅಷ್ಟು ಅನುಭವ ಸಾಲದು ಎಂದಳು. ಅದು ಸರಿಯಾದ ಉತ್ತರ. ಒಬ್ಬಳೇ ಬಿಟ್ಟರೆ ಈಕೆಯಿಂದ ಜನರಿಗೆ ಅಪಾಯ ಇದೆಯೇ ಎಂಬುದನ್ನೇ ಅವರು ನೋಡುತ್ತಿರುತ್ತಾರೆ. ತನ್ನ ಮಿತಿ ತಿಳಿದವರಿಂದ ಅಪಾಯ ಕಡಿಮೆ.

ಆಫೀಸಿನ ಹಣಕಾಸಿನಲ್ಲಿ ಮಾತ್ರ ತಡವರಿಸಿದಳು. ಫೀಸು ಹೇಗೆ ಲೆಕ್ಕ ಹಾಕುತ್ತೀರಿ, ಸಂಬಳದ ಮೇಲೆ ಬಾಡಿಗೆ, ವಿಮೆ, ಸಾಫ್ಟ್‌ವೇರ್ ಖರ್ಚು ಹೇಗೆ ಹಂಚುತ್ತೀರಿ, ಕ್ಲೈಂಟ್ ಎರಡು ತಿಂಗಳು ಹಣ ಕೊಡದಿದ್ದರೆ ಏನು ಮಾಡುತ್ತೀರಿ ಎಂಬುದಕ್ಕೆ ಉತ್ತರ ತೆಳುವಾಗಿತ್ತು. ಫಲಿತಾಂಶದ ಜೊತೆ ಬಂದ ಟಿಪ್ಪಣಿಯಲ್ಲೂ ಅದನ್ನೇ ಬರೆದಿದ್ದರು. ಕಿರಿಯರಿಗೆ ಆಫೀಸಿನ ಲೆಕ್ಕಪುಸ್ತಕ ತೋರಿಸುವ ಕಚೇರಿಗಳು ಬಹಳ ಕಡಿಮೆ. ಅಭ್ಯರ್ಥಿಗಳು ಸಂಕೋಚ ಬಿಟ್ಟು ಕೇಳಬೇಕು, ಹಿರಿಯರೂ ಮುಚ್ಚುಮರೆ ಇಲ್ಲದೆ ತೋರಿಸಬೇಕು.

ಪಾಸಾದಳು. ಅದಾದ ಮೇಲೆ ಎಆರ್‌ಬಿಗೆ ಅರ್ಜಿ, ಶುಲ್ಕ, ನೋಂದಣಿ.

ಮನೆ ಕೊನೆಗೆ ಹೊಸ ಗಡುವಿಗಿಂತ ಮೂರು ವಾರ ತಡವಾಗಿ ಮುಗಿಯಿತು. ಮಾಲೀಕರು ಅವಳು ಹೇಳಿದ ತಾರೀಖಿಗೆ ಸರಿಯಾಗಿ ನೋಟಿಸ್ ಕೊಟ್ಟು 1,500 ಪೌಂಡ್ ಹಿಡಿದರು. ಗುತ್ತಿಗೆದಾರ ಅಡ್ಜುಡಿಕೇಷನ್‌ಗೆ ಹೋಗಲಿಲ್ಲ. ಪತ್ರದಲ್ಲಿದ್ದ ಬಾಗಿಲಿನ ಆರ್ಡರ್ ತಾರೀಖಿಗೆ ಅವನ ಬಳಿ ಉತ್ತರ ಇರಲಿಲ್ಲ ಎಂದು ಕಾಣುತ್ತದೆ.

ಕರ್ನಾಟಕದಿಂದ ಈ ದಾರಿಯಲ್ಲಿ ಬರುವವರಿಗೆ ಒಂದು ಮಾತು. ಪಾರ್ಟ್ 1, 2, 3 ಎಂಬ ಈ ಚೌಕಟ್ಟನ್ನೇ ಎಆರ್‌ಬಿ ಈಗ ಬದಲಿಸುತ್ತಿದೆ. ಸ್ನಾತಕೋತ್ತರ ಮಟ್ಟದ ಓದು ಮತ್ತು ವೃತ್ತಿಯ ಅಭ್ಯಾಸ ಎಂಬ ಎರಡು ಭಾಗಗಳ ಕಡೆಗೆ ಹೋಗುತ್ತಿದೆ. ಹೊರದೇಶದಲ್ಲಿ ಓದಿದವರ ದಾರಿಯೂ ಹೀಗೇ ಉಳಿಯುತ್ತದೆ ಎಂದು ನಂಬಿ ಕೂರಬೇಡಿ. ಹೊರಡುವ ಮೊದಲು ನಿಮ್ಮ ಪದವಿಗೆ ಈಗ ಯಾವ ನಿಯಮ ಎಂದು ಎಆರ್‌ಬಿಯನ್ನೇ ಬರೆದು ಕೇಳಿ. ಅಲ್ಲಿಯ ತನಕ ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ನೀವು ಕೂತಿರುವ ಆಫೀಸಿನಲ್ಲೇ ಒಂದು ಪ್ರಾಜೆಕ್ಟಿನ ಅಗ್ರಿಮೆಂಟ್ ಕೇಳಿ ತೆಗೆದುಕೊಂಡು ಪೂರ್ತಿ ಓದಿ. ಸೈಟಿನಲ್ಲಿ ಆದ ಮಾತನ್ನು ಅದೇ ಸಂಜೆ ಇಮೇಲ್ ಮಾಡಿ.